ಮಾಹಿತಿದಾರರು ಸಂಖ್ಯೆ ಮೂರು

ಜಗತ್ತಿನ ವ್ಯಾಪಾರವನ್ನು ಪೆಸಮಿನೊ ಮೊದಲ ಎರಡು ವರ್ಷ ಫಿನ್‌ಲೆಂಡಿನಲ್ಲಿ ಹುಡುಕಿದ. ಅಲ್ಲಿಗೆ ಹೋಗಿ ಅಲ್ಲ. ನಮ್ಮ ಸವಾಯಿ ದ್ವೀಪದಲ್ಲೇ, ಅವನ ಸೋದರತ್ತೆ ಫುವಾತಿನೊಳ ಮನೆಯಲ್ಲಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲಿನ ಕಂಪ್ಯೂಟರಿನಲ್ಲಿ. ಫಿನ್‌ಲೆಂಡಿನ ಫೋನು ಮುಗಿದ ಮೇಲೆ ಕೊರಿಯಾದ ಹಡಗು, ಆಮೇಲೆ ಡೆನ್ಮಾರ್ಕಿನ ಗಾಳಿಯಂತ್ರ. ನಡುನಡುವೆ ಹಸಿವಾದಾಗ ಅತ್ತೆ ಬೇಯಿಸಿಟ್ಟ ಕೆಸುವಿನ ಗೆಡ್ಡೆ ತಿನ್ನುತ್ತಿದ್ದ. ಜಾಗತಿಕ ಚಿಂತನೆ ಹೊಟ್ಟೆಯನ್ನು ಬಹಳ ಬೇಗ ಖಾಲಿ ಮಾಡುತ್ತದೆ.

ನಲವತ್ತೊಂದನೆಯ ವಯಸ್ಸಿನಲ್ಲಿ, ಬಂದರಿನ ಸುಂಕದ ಕಚೇರಿಯ ಕೆಲಸ ಬಿಟ್ಟು, ‘ಜಾಗತಿಕ ನಾವೀನ್ಯ ಮತ್ತು ಅಂತರರಾಷ್ಟ್ರೀಯ ವ್ಯಾಪಾರ’ ಎಂಬುದರಲ್ಲಿ ಪಿಎಚ್.ಡಿ. ಮಾಡುತ್ತೇನೆ ಎಂದು ಅವನು ಹೇಳಿದ್ದು ಒಂದು ಭಾನುವಾರ, ಪ್ರಾರ್ಥನೆ ಮುಗಿದ ಮೇಲಿನ ಊಟದಲ್ಲಿ. ಅತ್ತೆಯ ಎಣ್ಣೆಗಾಣದ ಸನ್ನೆಗೋಲು ಒತ್ತುವ ಇಯೋಸುವಾ ಜೀಗುಜ್ಜೆಯ ಹೋಳನ್ನು ಬಾಯಿಯ ಹತ್ತಿರವೇ ನಿಲ್ಲಿಸಿ ಕೇಳಿದ.

“ಅಂದ್ರೆ ನೀನು ಮಾರೋನಾ, ಕೊಳ್ಳೋನಾ?”

“ಎರಡೂ ಅಲ್ಲ. ಮಾರೋರು ಹೇಗೆ ಮಾರ್ತಾರೆ ಅಂತ ಬರೆಯೋನು.”

“ಓ, ನಮ್ಮ ಪಾದ್ರಿಗಳ ಹಾಗೆ. ಪಾಪ ಮಾಡೋರು ನಾವು, ವಿವರ ಎಲ್ಲ ಅವರ ಹತ್ರ.”

ಮಾರ್ಗದರ್ಶಕಿ ಪ್ರೊಫೆಸರ್ ಪ್ರಿಡೊ ಆಸ್ಟ್ರೇಲಿಯಾದಲ್ಲಿದ್ದರು. ಗುರುವಾರಕ್ಕೊಮ್ಮೆ ತೆರೆಯ ಮೇಲೆ ಕಾಣಿಸಿಕೊಳ್ಳುತ್ತಿದ್ದರು. ಎರಡು ವರ್ಷ ತಲೆಯಾಡಿಸಿದ ನಂತರ ಅವರು, “ಸಾಕು, ಈಗ ನಿಮ್ಮದೇ ಒಂದು ಉದಾಹರಣೆ ಹುಡುಕಿ” ಎಂದರು. ಪೆಸಮಿನೊ ರಾಜಧಾನಿ ಆಪಿಯಾದ ಹದಿನೇಳು ಕಂಪನಿಗಳಿಗೆ ಪತ್ರ ಬರೆದ. ಹದಿನೇಳೂ ಸುಮ್ಮನಿದ್ದವು. ಜಗತ್ತಿನ ಜೊತೆ ವ್ಯಾಪಾರ ಮಾಡುವವರು ನಮ್ಮ ದೇಶದಲ್ಲಿ ಯಾರೂ ಇಲ್ಲವೆಂದು ಅವನು ತೀರ್ಮಾನಿಸುತ್ತಿದ್ದಾಗ, ಕನ್ನಡಕ ಮುರಿದುಕೊಂಡ ಅತ್ತೆ ತನ್ನ ಫೋನನ್ನು ಅವನ ಮುಂದೆ ಹಿಡಿದಳು.

“ಇದೊಂಚೂರು ಓದೋ. ಸೋಪಿನವರು ಈ ಸಲ ಎಷ್ಟು ಡ್ರಮ್ ಕೇಳಿದಾರೆ?”

ನ್ಯೂಜಿಲೆಂಡಿನ ಸೋಪು ಕಂಪನಿಗೆ ಫುವಾತಿನೊ ಹನ್ನೊಂದು ವರ್ಷಗಳಿಂದ ತೆಂಗಿನೆಣ್ಣೆ ಕಳಿಸುತ್ತಿದ್ದಳು. ಊರಿಗೆಲ್ಲ ಗೊತ್ತಿತ್ತು. ಆ ಗಾಣದ ಪಕ್ಕದಲ್ಲೇ ಕೂತು ಎರಡು ವರ್ಷ ಡೆನ್ಮಾರ್ಕನ್ನು ಓದಿದ್ದ ವಿದ್ವಾಂಸನಿಗೆ ಮಾತ್ರ ಅದು ಅಡುಗೆಮನೆಯ ಗಲಾಟೆಯಂತೆ ಕೇಳಿಸಿತ್ತು.

ಆಮೇಲೆ ಅವನ ಉತ್ಸಾಹವನ್ನು ಹಿಡಿಯುವವರಿಲ್ಲ. ರೆಕಾರ್ಡರ್ ಹಿಡಿದು ಅತ್ತೆಯ ಹಿಂದೆ ಬಿದ್ದ. ಕೈ ಖಾಲಿ ಇರುವವರ ಜೊತೆ ಅವಳು ಮಾತಾಡುವವಳಲ್ಲ. ಕಾಯಿ ತುರಿಯಲು ಕೂರಿಸಿದಳು. ತುರಿಯುತ್ತ ಕೇಳಿದ, ಒಣಗಿಸುತ್ತ ಕೇಳಿದ. ಹೀಗೆ ಹೊರಬಂದದ್ದು ಹೊಗೆಯ ಕಥೆ. ತುರಿಯನ್ನು ಕಬ್ಬಿಣದ ತಗಡಿನ ಮೇಲೆ ಹರಡಿ, ಕೆಳಗೆ ತೆಂಗಿನ ಸಿಪ್ಪೆಯ ಬೆಂಕಿ ಹಾಕಿ ಒಣಗಿಸುವುದು ಪದ್ಧತಿ. ಎಣ್ಣೆಗೆ ಹೊಗೆಯ ವಾಸನೆ ಬರುತ್ತಿದೆಯೆಂದು ಸೋಪಿನವರು ಒಂದು ವರ್ಷ ಇಡೀ ಸರಕು ವಾಪಸ್ ಕಳಿಸಿದ್ದರು. ಫುವಾತಿನೊ ಮೂರು ದಿನ ಗಾಳಿಯನ್ನು ನೋಡುತ್ತ ಕೂತಳು. ನಾಲ್ಕನೆಯ ದಿನ ನಮ್ಮೂರಿನ ಸೊಲೊಮೊನಾನ ಕೆಟ್ಟು ನಿಂತ ಬಸ್ಸಿನಿಂದ ಹೊಗೆಕೊಳವೆ ಬಿಚ್ಚಿಸಿ ತಂದು, ಒಲೆಯ ಬಾಯಿ ತಿರುಗಿಸಿ, ಹೊಗೆಯನ್ನು ಹಿಂಗೋಡೆಯ ಆಚೆ ಕಳಿಸಿದಳು. ವಾಸನೆ ಹೋಯಿತು. ಈಗ ಸುತ್ತಿನ ಆರು ಊರುಗಳ ಒಲೆಗಳಿಗೆ ಅಂಥದೇ ಕೊಳವೆಯಿದೆ.

“ಅತ್ತೆ, ಇದು ಸಂಪನ್ಮೂಲ-ಮಿತ ಸನ್ನಿವೇಶದ ಪ್ರಕ್ರಿಯಾ ನಾವೀನ್ಯ!”

“ಅದು ಬಸ್ಸಿನ ಕೊಳವೆ ಕಣೋ. ತುರಿ ಮಗುಚು, ಸೀದೋಗತ್ತೆ.”

ಕೆಲಸ ಕೆಟ್ಟದ್ದು ಒಪ್ಪಿಗೆ ಪತ್ರದಲ್ಲಿ. ವಿಶ್ವವಿದ್ಯಾಲಯದ ನೈತಿಕ ಸಮಿತಿ ಬಹಳ ಕರುಣೆಯಿಂದ ಬರೆದ ನಾಲ್ಕು ಪುಟ. ಅತ್ತೆಯ ಸಹಿ ಇಲ್ಲದೆ ಅವಳ ಒಂದು ಮಾತನ್ನೂ ಪ್ರಬಂಧದಲ್ಲಿ ಬಳಸುವಂತಿಲ್ಲ. ಅದನ್ನು ಪೆಸಮಿನೊ ನಮ್ಮ ಭಾಷೆಗೆ ತಿರುಗಿಸಿ ಅಭಿಮಾನದಿಂದ ಓದಿ ಹೇಳಿದ: “ನಿಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ. ಈ ಬಗ್ಗೆ ನಿಶ್ಚಿಂತೆಯಿಂದಿರಿ.”

ಫುವಾತಿನೊ ಕೈ ಒರೆಸಿಕೊಂಡಳು.

“ಯಾಕೆ? ನಾನೇನು ಕದ್ದಿದೀನಾ?”

“ಇದು ನಿನ್ನ ರಕ್ಷಣೆಗೆ ಅತ್ತೆ.”

“ಊರ ಹಿರಿಯರು ಸಭೆ ಸೇರಿ ಊರಿಂದಾಚೆ ಹಾಕ್ತಾರಲ್ಲ, ಅಂಥವರ ಹೆಸರು ನಾವು ಎತ್ತಲ್ಲ. ನನ್ನನ್ನ ಯಾವ ಸಭೆ ಆಚೆ ಹಾಕ್ತು? ಆಸ್ಟ್ರೇಲಿಯಾದ್ದಾ? ಸರಿ, ಹೆಸರಿಲ್ಲದೆ ನನ್ನನ್ನ ಏನಂತ ಕರೀತೀಯ?”

“ಮಾಹಿತಿದಾರರು ಸಂಖ್ಯೆ ಮೂರು.”

“ಒಂದು ಯಾರು?”

ಪೆಸಮಿನೊ ತಡವರಿಸಿದ. “ಇಯೋಸುವಾ. ಅವನನ್ನ ಮೊದಲು ಮಾತಾಡಿಸಿದ್ದೆ.”

ಗಾಣದ ಹಿಂದಿನಿಂದ ಇಯೋಸುವಾ ಕೂಗಿದ: “ಮೂರನೆಯವರೇ, ಕಾಯಿ ಮುಗೀತು, ಒಂದನೆಯವರು ಕಾಯ್ತಿದಾರೆ!”

ಅವಳು ಸಹಿ ಹಾಕಲಿಲ್ಲ. ಹೆಸರು ಬರುವುದಾದರೆ ಮಾತು ತಗೋ, ಇಲ್ಲದಿದ್ದರೆ ಬಿಡು ಎಂದಳು.

ಪ್ರೊಫೆಸರ್ ಪ್ರಿಡೊ ಗುರುವಾರ ನಿಟ್ಟುಸಿರು ಬಿಟ್ಟರು. ಹೆಸರು ಹಾಕಲು ವಿಶೇಷ ಅನುಮತಿ ಬೇಕು, ಆರು ತಿಂಗಳಾದರೂ ಹಿಡಿಯುತ್ತದೆ. ನಿಮ್ಮ ವಿದ್ಯಾರ್ಥಿವೇತನ ಮೂರು ತಿಂಗಳಿಗೆ ಮುಗಿಯುತ್ತದೆ. ಸೋಪು ಕಂಪನಿಯವರನ್ನೇ ಮಾತಾಡಿಸಿ ಅಧ್ಯಾಯ ಮುಗಿಸಬಾರದೇ, ಎಂದರು. ಕಂಪನಿಯ ಮ್ಯಾನೇಜರ್ ಮಹಾ ಸಜ್ಜನ. ಒಂದೇ ದಿನದಲ್ಲಿ ಸಹಿ ಹಾಕಿ ಕಳಿಸಿದ, ಮುಕ್ಕಾಲು ಗಂಟೆ ಮಾತಾಡಿದ. ಹೊಗೆಯ ದೂರನ್ನು ತಾನೇ ಬರೆದದ್ದಾಗಿ, ಅದರಿಂದ ಸುಧಾರಣೆಯಾದದ್ದಾಗಿ ಹೇಳಿದ. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಸಿದ್ಧಾಂತದ ಪುಸ್ತಕಗಳೂ ಅದನ್ನೇ ಹೇಳುತ್ತಿದ್ದವು. ಅಧ್ಯಾಯ ಹತ್ತು ದಿನದಲ್ಲಿ ಮುಗಿಯಿತು, ಮಾರ್ಗದರ್ಶಕಿ ಮೊದಲ ಬಾರಿಗೆ ‘ಅತ್ಯುತ್ತಮ’ ಎಂದರು.

ಆ ಭಾನುವಾರ ಊಟಕ್ಕೆ ಕೂತಾಗ ಅತ್ತೆ ಕೇಳಿದಳು. “ಬರೆದು ಮುಗೀತಂತೆ? ನಮ್ಮ ಒಲೆ ವಿಷಯ ಏನಿದೆ, ಓದು.”

ಅವನಿಗೆ ತಪ್ಪಿಸಿಕೊಳ್ಳಲಾಗಲಿಲ್ಲ. ಒಂದೊಂದೇ ವಾಕ್ಯವನ್ನು ನಮ್ಮ ಭಾಷೆಗೆ ಇಳಿಸುತ್ತ ಓದಿದ. ವಿದೇಶಿ ಖರೀದಿದಾರರ ಜ್ಞಾನವು ಸ್ಥಳೀಯ ಉತ್ಪಾದಕರತ್ತ ಹರಿದುಬಂದಿತು. ಅದರ ಫಲವಾಗಿ ಹೊಗೆಯ ಸಮಸ್ಯೆ ನಿವಾರಣೆಯಾಯಿತು.

ಯಾರೂ ನಗಲಿಲ್ಲ. ಇಯೋಸುವಾ ಸಹ. ಫುವಾತಿನೊ ತೆಂಗಿನ ಹಾಲು ತುಂಬಿ ಬೇಯಿಸಿದ ಪಾಲುಸಾಮಿಯ ಕೆಸುವಿನ ಎಲೆಯನ್ನು ಮತ್ತೆ ಮಡಚಿ ತಟ್ಟೆಯ ಅಂಚಿಗೆ ಇಟ್ಟಳು. ಕೋಪಿಸಿಕೊಂಡಿದ್ದರೆ ಅವನಿಗೆ ಸುಲಭವಿತ್ತು.

“ಆ ಮೂರು ದಿನ ನಾನು ಇಲ್ಲೇ ಕೂತಿದ್ದೆ,” ಎಂದಳು ಮೆಲ್ಲಗೆ. “ಅಲ್ಲಿಂದ ಏನೂ ಹರಿದು ಬರಲಿಲ್ಲ ಮಗಾ. ಗಾಳಿ ಸಮುದ್ರದ ಕಡೆಯಿಂದ ಬರ್ತಿತ್ತು, ಅಷ್ಟೇ.”

ಫಿನ್‌ಲೆಂಡಿನಿಂದ ಡೆನ್ಮಾರ್ಕಿನವರೆಗೆ ಓದಿದ್ದನ್ನೆಲ್ಲ ಒಳಗಿಟ್ಟುಕೊಂಡಿದ್ದ ಕಂಪ್ಯೂಟರನ್ನು ಅವನು ಮುಚ್ಚಿದ.

ಗುರುವಾರ ಅವನು ಮಾರ್ಗದರ್ಶಕಿಗೆ ‘ಅತ್ಯುತ್ತಮ’ ಅಧ್ಯಾಯವನ್ನು ತೆಗೆದುಹಾಕಿ, ಹೆಸರಿನ ಅನುಮತಿಗೆ ಅರ್ಜಿ ಹಾಕುತ್ತಿರುವುದಾಗಿ ಹೇಳಿದ. ವಿದ್ಯಾರ್ಥಿವೇತನ ಅವರು ಹೇಳಿದ್ದಂತೆ ಮೂರು ತಿಂಗಳಿಗೆ ನಿಂತಿತು. ಪೆಸಮಿನೊ ಮತ್ತೆ ಬಂದರಿನ ಕಚೇರಿಗೆ ಹೋಗಿ ಮುದ್ರೆ ಒತ್ತತೊಡಗಿದ. ಸಮಿತಿಯ ಪತ್ರಗಳು ತಿಂಗಳಿಗೊಂದು ಬಂದವು. ಒಂದರಲ್ಲಿ, ಮಾಹಿತಿದಾರರು ವಯಸ್ಸಾದ ಗ್ರಾಮೀಣ ಮಹಿಳೆಯಾಗಿದ್ದು ದುರ್ಬಲ ವರ್ಗಕ್ಕೆ ಸೇರಿರುವುದರಿಂದ, ಹೆಸರು ಬಯಲಾದರೆ ಆಗಬಹುದಾದ ಅಪಾಯವನ್ನು ಅವರಿಗೆ ವಿವರಿಸಲಾಗಿದೆಯೇ ಎಂದು ಕೇಳಿದ್ದರು. ತುಂಬಿದ ಕಾಯಿಚೀಲವನ್ನು ಹೆಗಲಿಂದ ಇಳಿಸುತ್ತಿದ್ದ ದುರ್ಬಲ ವರ್ಗಕ್ಕೆ ಅವನು ವಿವರಿಸಿದ.

“ಅಪಾಯ ಅಂದ್ರೆ, ಜನ ನನ್ನ ಉಪಾಯ ಕದೀತಾರೆ ಅಂತಾನಾ? ಆರು ಊರು ಆಗಲೇ ಕದ್ದಾಯ್ತು. ಅವರಿಗೆ ಹಾಗೇ ಬರೆದು ಹಾಕು. ಇನ್ನೇನು ಅಪಾಯ ಇದೆಯಂತೆ?”

ಅನುಮತಿ ಎಂಟನೆಯ ತಿಂಗಳಿಗೆ ಬಂತು, ಹೊಣೆ ಮಾಹಿತಿದಾರರದೇ ಎಂಬ ಷರತ್ತಿನೊಂದಿಗೆ. ಹೊಣೆ ತನ್ನದೇ ಎಂದು ಕೊನೆಗೂ ಒಪ್ಪಿದರಲ್ಲ ಎಂದು ಫುವಾತಿನೊಳಿಗೆ ಸಮಾಧಾನವಾಯಿತು. ತನ್ನ ಹೆಸರು, ತಂದೆಯ ಹೆಸರು, ಊರಿನ ಹೆಸರು ಬರೆಯುವಷ್ಟರಲ್ಲಿ ಸಹಿಯ ಗೆರೆ ಮುಗಿದು ಅಕ್ಷರಗಳು ಅಂಚಿಗೆ ಹತ್ತಿದವು.

ಪೆಸಮಿನೊ ಇನ್ನೂ ಡಾಕ್ಟರ್ ಆಗಿಲ್ಲ. ಹೊಸ ಅಧ್ಯಾಯ ಹಳೆಯದರಷ್ಟು ನಯವಾಗಿಲ್ಲ, ಇದರ ಬಗ್ಗೆ ಪರೀಕ್ಷಕರು ಏನನ್ನುವರೋ ಹೇಳಲಾಗದು ಎಂದು ಪ್ರೊಫೆಸರ್ ಪ್ರಿಡೊ ಬರೆದಿದ್ದಾರೆ. ಅದನ್ನು ಕಳಿಸುವ ಮೊದಲು ಅವನು ಭಾನುವಾರದ ಊಟದಲ್ಲಿ ಮೊದಲ ಸಾಲು ಓದಿದ. ಅದು ಅವಳ ಹೆಸರಿನಿಂದಲೇ ಶುರುವಾಗುತ್ತಿತ್ತು. ಓದಿ, ತಲೆಯೆತ್ತಲಾರದೆ ನಿಲ್ಲಿಸಿದ.

ಅತ್ತೆ ತನ್ನ ಪಾಲಿನ ಕೆಸುವಿನ ಗೆಡ್ಡೆ ಮುರಿದು ಬಾಯಿಗಿಟ್ಟುಕೊಂಡಳು.

“ನಿಲ್ಲಿಸಿದೆ ಯಾಕೋ? ಮುಂದೆ ಓದು.”