ಎಚ್ಚರವಾದ ಹಂದಿಗೆ ಹಾಕಿದ ಅಕ್ಕಚ್ಚು

ಕೋವಿಡ್ ತಣ್ಣಗಾದ ಮರುವರ್ಷ ನಾನು ಶಿರಸಿಯ ಹೊರಗೆ, ಯಲ್ಲಾಪುರ ರಸ್ತೆಯ ಒಂದು ಖಾಸಗಿ ಸಂಶೋಧನಾ ಕೇಂದ್ರದಲ್ಲಿ ಹಂದಿ ನೋಡಿಕೊಳ್ಳುವ ಕೆಲಸಕ್ಕಿದ್ದೆ. ಓದಿದ್ದು ಕಾನಸೂರಿನಲ್ಲಿ ಎಸ್ಸೆಸ್ಸೆಲ್ಸಿವರೆಗೆ. ಈ ಕೆಲಸಕ್ಕೆ ಸೇರುವ ಮೊದಲೇ ಪಶು ಆಸ್ಪತ್ರೆಯ ಅಟೆಂಡರ್ ಆಗಿ ನಿವೃತ್ತನಾಗಿದ್ದೆ. ಪ್ರಾಣಿಯ ಕಾಲು ಕಟ್ಟುವುದು, ರಕ್ತ ತೊಳೆಯುವುದು ನನಗೆ ಹೊಸತಲ್ಲ.

ಅಲ್ಲಿ ನಡೆಯುತ್ತಿದ್ದುದು ಎಲೆಕ್ಟ್ರಿಕಲ್ ಅಬ್ಲೇಶನ್ ಪರೀಕ್ಷೆ. ಹಂದಿಗೆ ಅರಿವಳಿಕೆ ಕೊಟ್ಟು, ಬಾಯಿಯಿಂದ ಎಂಡೋಸ್ಕೋಪ್ ಕೊಳವೆ ಇಳಿಸಿ, ಸಣ್ಣ ಕರುಳಿನ ಒಳಪೊರೆಗೆ ಕರೆಂಟಿನ ಹೊಡೆತ ಕೊಡುತ್ತಿದ್ದರು. ಆ ಪೊರೆ ಸತ್ತು ಹೊಸದು ಬೆಳೆದರೆ ಮುಂದೆ ಮನುಷ್ಯರ ಕಾಯಿಲೆಗೆ ಉಪಯೋಗ. ಅರಿವಳಿಕೆಯಲ್ಲಿದ್ದರೂ ಪ್ರತಿ ಹೊಡೆತಕ್ಕೂ ಹಂದಿಯ ಮೈ ಮೇಜಿನ ಮೇಲೆ ಎಗರಿ ಬೀಳುತ್ತಿತ್ತು. ಪಟ್ಟಿ ಬಿಗಿದ ಕಾಲಿನ ಚರ್ಮ ಸುಲಿಯುತ್ತಿತ್ತು. ಅದುಮಿ ಹಿಡಿಯುವವನು ನಾನು. ಗುಣವಾದ ಹಂದಿಯನ್ನು ಕೊಲ್ಲದೆ ಸಾಕುವುದೆಂದು ಠರಾವಾಗಿತ್ತು. ಎಡಗಿವಿ ಹರಿದ ಒಂದು ಹೆಣ್ಣು ಹಂದಿ ಹಾಗೆ ಚೇತರಿಸಿಕೊಂಡು, ನನ್ನ ಬಕೆಟ್ಟಿನ ಸದ್ದಿಗೆ ಓಡಿ ಬರುತ್ತಿತ್ತು.

ಒಂದು ದಿನ ಗಂಡು ಹಂದಿಯೊಂದರ ಸರದಿ. ಕೆಲಸ ಮುಗಿಸಿ ಊಟಕ್ಕೆ ಹೊರಟ ಡಾಕ್ಟರ್ ಮೇಡಂ, ಹಾವೇರಿ ಕಡೆಯವರು, ಎಂದಿನಂತೆ ಹೇಳಿದರು: “ನಾ ಬರೂತನಕ ಹನಿ ನೀರೂ ಬ್ಯಾಡ್ರೀ ಅಣ್ಣಾ. ಗಂಟಲಾ ಇನ್ನೂ ಮರಗಟ್ಟಿರತೈತಿ.”

ಹಂದಿ ಕಣ್ಣು ಬಿಟ್ಟು ನರಳಿತು. ಹಿಂದಿನ ದಿನದಿಂದ ಉಪವಾಸ. ನಮ್ಮಲ್ಲಿ ಕರು ಹಾಕಿ ಸುಸ್ತಾದ ಹಸುವಿಗೆ ಮೊದಲು ಕೊಡುವುದೇ ಅಕ್ಕಚ್ಚು, ಅಕ್ಕಿ ತೊಳೆದ ನೀರು. ಅದನ್ನು ಬೆಚ್ಚಗೆ ಮಾಡಿ, ಬೇಯಿಸಿದ ಹಲಸಿನ ಬೇಳೆ ಹಿಸುಕಿ ಹಾಕಿ ತಂದೆ. ಗೇಟು ಕಾಯುವ ಪರಮೇಶ್ವರ ನಕ್ಕ: “ಹಂದಿಗೂ ಬಾಣಂತನ ಮಾಡ್ತ್ಯನಾ ಮಾರಾಯಾ?”

ಹಂದಿ ಆಸೆಯಿಂದ ಮೂತಿ ಅದ್ದಿತು. ಮರುಕ್ಷಣ ಉಸಿರು ಕಟ್ಟಿತು. ಗೋಡೆಗೆ ತಲೆ ಚಚ್ಚಿಕೊಂಡಿತು, ನಾಲಿಗೆ ಕಚ್ಚಿ ರಕ್ತ ಕಾರಿತು. ಗಂಟಲೊಳಗೆ ಕೈ ತುರುಕಿದೆ. ಅದರ ಹಲ್ಲಿಗೆ ನನ್ನ ಹೆಬ್ಬೆರಳಿನ ಉಗುರು ಕಿತ್ತು ಬಂತು. ಬೇಳೆಯ ಚೂರು ಕೈಗೆ ಸಿಗುವಷ್ಟರಲ್ಲಿ ಹಂದಿ ಸತ್ತಿತ್ತು. ಚೂರನ್ನು ಚರಂಡಿಗೆ ಎಸೆದೆ. ಅದರ ಬಾಯಿ ತೊಳೆದೆ, ನೆಲ ತೊಳೆದೆ.

ಮೇಡಂ ಓಡಿ ಬಂದವರು ಮೊದಲು ನನ್ನ ಬೆರಳಿಗೆ ಪಟ್ಟಿ ಕಟ್ಟಿದರು. “ಅದನ್ನ ಉಳಸಾಕ ಹೋಗಿ ಕೈ ಹರಕೊಂಡೀರಲ್ರೀ. ಗಂಟಲಾ ನೋಡಿದ್ರೇನು?”

“ನೋಡಿದೆ ಮೇಡಂ. ಎಂತದೂ ಇಲ್ಲ.”

ಕೆಲಸ ಹೋಗುವ ಭಯ, ಅಷ್ಟೇ. ಅವರು ನಂಬಿ ಹೊಟ್ಟೆ ಮಾತ್ರ ಕೊಯ್ದರು. ಕರೆಂಟು ತಾಗಿದಲ್ಲಿ ಕರುಳು ಕೆಂಪಾಗಿ ಊದಿತ್ತು. ಸುಟ್ಟಿದ್ದು ಹೆಚ್ಚು ಆಳಕ್ಕೆ ಹೋಗಿರಬೇಕು ಎಂದು ಅವರಿಗೆ ಅನುಮಾನ. ಹಾಗಿದ್ದರೆ ಮೊದಲೇ ಕರೆಂಟು ಕೊಟ್ಟ ಬೇರೆ ಹಂದಿಯಲ್ಲೂ ನೋಡಲೇಬೇಕು. ಠರಾವು ಬದಿಗಿಟ್ಟು, ಹರಿದ ಕಿವಿಯದನ್ನು ಮರುದಿನ ಕೊಯ್ಯುವುದೆಂದಾಯಿತು. ಒಂದೇ ಮಾತಿನಲ್ಲಿ ತಪ್ಪಿಸಬಹುದಿತ್ತು. ಹೇಳಲಿಲ್ಲ.

ಬೆಳಿಗ್ಗೆ ಬಕೆಟ್ಟು ಬಡಿದು ನಾನೇ ಕರೆದೆ. ಅದು ಬಂತು. ಬಕೆಟ್ಟಿನಲ್ಲಿ ಏನೂ ಇರಲಿಲ್ಲ. ಸಾಯಿಸುವ ಮದ್ದಿನ ಮೊದಲ ಸೂಜಿ ನರ ತಪ್ಪಿತು. ಅದು ಕಿರುಚಿ ನನ್ನನ್ನು ಕಂಬಕ್ಕೆ ಅಪ್ಪಳಿಸಿತು. ಮೊಣಕಾಲಿನಿಂದ ಕತ್ತು ಒತ್ತಿ, ಸರಿಯಿದ್ದ ಒಂದು ಕಿವಿಯನ್ನು ತಿರುಚಿ ಹಿಡಿದೆ. ಸಾಯುವವರೆಗೂ ಅದು ಒದೆಯುತ್ತಲೇ ಇತ್ತು.

ಕರುಳು ಬಿಚ್ಚಿದರು. ಒಳಗೆ ಎಳೆಯ ಗುಲಾಬಿ ಬಣ್ಣದ ಹೊಸ ಪೊರೆ. ಮೇಡಂ ಕೈಗವಸಿನ ಬೆರಳಿನಿಂದ ಅದನ್ನು ಸವರಿದರು.

“ಎಷ್ಟ ಚೊಲೋ ಮಾಯೇತಿ. ಹಂಗಾರ ನಿನ್ನೆದು ಯಾಕ ಸತ್ತಿತು ಅಣ್ಣಾ?”

ಆಗ ಹೇಳಿದೆ. ಅಕ್ಕಚ್ಚು, ಬೇಳೆ, ಚರಂಡಿ, ಎಲ್ಲ.

ಅವರು ಬೈಯಲಿಲ್ಲ. “ನಿನ್ನೆ ಹೇಳಿದ್ರ ಇದು ಬದುಕತಿತ್ತಲ್ರೀ” ಎಂದಷ್ಟೇ ಹೇಳಿ ಕೈಗವಸು ಕಳಚಿದರು.

ಮೊದಲನೆಯದನ್ನು ಕೊಂದದ್ದು ನನ್ನ ತಿಳಿಗೇಡಿತನ. ಎರಡನೆಯದಕ್ಕೆ ಹಾಗೆ ಹೇಳಿಕೊಳ್ಳಲು ನನಗೆ ಬಾಯಿಲ್ಲ. ತಪ್ಪು ಆದಾಗ ಬಾಯಿ ಬಿಡಬೇಕಾದದ್ದು ಮುಂದಿನ ಜೀವವನ್ನು ಕರೆಯುವುದಕ್ಕೆ ಮೊದಲು. ಇಷ್ಟು ವರ್ಷದ ಕೆಲಸ ಕಲಿಸಿದ್ದು ಇದೊಂದೇ. ಕಲಿತದ್ದು ತಡವಾಗಿ.

ರಕ್ತ ತೊಳೆಯಲೆಂದು ಬಕೆಟ್ಟು ಎತ್ತಿದೆ. ಹಿಡಿಕೆ ಸದ್ದಾಯಿತು. ಉಳಿದ ಹಂದಿಗಳೆಲ್ಲ ಎದ್ದು ಬಾಗಿಲಿಗೆ ಬಂದು ನಿಂತವು.