ವೀಬ್ರೆನ್ ನಿಲ್ಲಿಸಿದ ಪಂಪು

ಚಳಿನಾಡಿನ ಲೇವಾರ್ಡನ್ ಊರಿನ ನಮ್ಮ ಬೀದಿಯಲ್ಲಿ ವೀಬ್ರೆನ್ ಎಂಬ ಮುದುಕನಿದ್ದ. ಹೊಟ್ಟೆಪಾಡಿಗೆ ಬಸ್ಸು ಓಡಿಸಿದವನು. ಆದರೆ ಡ್ರೈವರ್ ಅಂದರೆ ಮುಖ ಗಂಟಿಕ್ಕುತ್ತಿದ್ದ. ಅವನು ಸ್ಕೇಟಿಂಗ್ ಸಂಘದ ಮಂಜುಗಡ್ಡೆಯ ಮೇಸ್ತ್ರಿ. ಕೆರೆ ಹೆಪ್ಪುಗಟ್ಟಿದಾಗ ಗಡ್ಡೆ ಕೊರೆದು ದಪ್ಪ ನೋಡಿ, "ಇಳೀರಿ" ಎನ್ನುವ ಅಧಿಕಾರ ಅವನೊಬ್ಬನದು. ಪಾಪ, ಎಂಥ ಅಧಿಕಾರವೋ! ವರ್ಷಗಟ್ಟಲೆ ಕೆರೆ ಹೆಪ್ಪುಗಟ್ಟಿರಲೇ ಇಲ್ಲ.

ಆ ಚಳಿಗಾಲ ಮೂಡಣ ಗಾಳಿ ಬೀಸಿತು. ಜನ ಅಟ್ಟದಿಂದ ಸ್ಕೇಟು ಇಳಿಸಿ ಮಸೆಯತೊಡಗಿದರು. ಕೆರೆಯೆಂದರೆ ಎದೆಮಟ್ಟದ ನೀರು, ತಳದಲ್ಲಿ ಕೊಳೆತ ಎಲೆಯ ರಾಡಿ. ನಡುವೆ ಒಂದು ಪಂಪು ಮೀನಿನ ಉಸಿರಿಗೆಂದು ಹಗಲಿರುಳು ನೀರಿನೊಳಗೆ ಗಾಳಿ ಊದುತ್ತ, ತನ್ನ ಸುತ್ತಲಿನ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತಿತ್ತು. ವೀಬ್ರೆನ್ ಅದನ್ನು ನಿಲ್ಲಿಸಿದ. ಗಡ್ಡೆ ಕೂಡಿಕೊಳ್ಳಲಿ ಎಂದು ಪಂಪು ನಿಲ್ಲಿಸುವುದು ನಮ್ಮಲ್ಲಿ ಹಳೆಯ ವಾಡಿಕೆ.

ಗಾಳ ಹಾಕುವವರ ಸಂಘದ ಗೇಸ್ಕೆ ಅವನನ್ನು ಅಲ್ಲೇ ಹಿಡಿದಳು. "ಯಾರಪ್ಪಾ ನಿಂಗೆ ಹೇಳಿದ್ದು ಆರಿಸು ಅಂತ? ಮೀನು ಉಸಿರುಕಟ್ಟಿ ಸಾಯ್ತವೆ."

"ಸುಮ್ನಿರೇ ಮಾರಾಯ್ತಿ. ಇಷ್ಟು ವರ್ಷ ಅವು ಆಡಿದ್ದು ಸಾಕು, ಒಂದೆರಡು ವಾರ ನಾವು ಆಡ್ತೀವಿ. ನಂಗೆ ಎಂಬತ್ತಾಯ್ತು. ಇನ್ನೊಂದ್ಸಲ ಈ ಕೆರೆ ಗಟ್ಟಿಯಾಗೋದನ್ನ ನೋಡ್ತೀನೋ ಇಲ್ವೋ."

ಗೇಸ್ಕೆ ಪಟ್ಟು ಸಡಿಲಿಸಿದಳು. "ಹಾಳಾಗಿ ಹೋಗು. ಹಿಮ ಬಿದ್ರೆ ಮಾತ್ರ ಪಂಪು ಹಾಕ್ಬೇಕು, ಗೊತ್ತಾಯ್ತಾ? ಹಿಮ ಬೆಳಕು ತಡೆದ್ರೆ ನೀರಿನ ಪಾಚಿ ಉಸಿರು ಬಿಡಲ್ಲ, ಕೆಳಗೆ ಏನೂ ಉಳಿಯಲ್ಲ."

"ಆಯ್ತು ತಾಯಿ," ಎಂದ.

ಹಿಮ ಗೇಣುದ್ದ ಬಿತ್ತು. ವೀಬ್ರೆನ್ ಪಂಪು ಹಾಕಲಿಲ್ಲ; ಸಂಘದ ಸ್ಕೇಟಿಂಗ್ ಪಂದ್ಯಕ್ಕೆಂದು ಓಟದ ದಾರಿಯ ಹಿಮವನ್ನಷ್ಟೇ ಗುಡಿಸಿ ತೆಗೆಸಿದ. ಪಂದ್ಯದ ಬೆಳಿಗ್ಗೆ ಗಡ್ಡೆ ಕೊರೆದಾಗ ತೂತಿನಿಂದ ಕೊಳೆತ ಮೊಟ್ಟೆಯ ನಾತ ಹೊಡೆಯಿತು. ನೀರಿನ ಜೀರುಂಡೆಗಳು ಗಾಳಿಗಾಗಿ ಒಂದರ ಮೇಲೊಂದು ಹತ್ತಿ ತೂತಿಗೆ ಮುತ್ತಿದವು. ಅವನಿಗೆ ಹೆದರಿಕೆಯಾಯಿತು. ಆದರೆ ದಡದಲ್ಲಿ ಬೀದಿಗೆ ಬೀದಿಯೇ ನಿಂತಿತ್ತು, ಬಟಾಣಿ ಸೂಪಿನ ಹಂಡೆಯೂ ಬಂದಿತ್ತು. ಬೂಟಿನಿಂದ ಹಿಮ ಎಳೆದು ತೂತು ಮುಚ್ಚಿದ. "ಇಳೀರಿ," ಎಂದ.

ತಾನೂ ಸ್ಕೇಟು ಕಟ್ಟಿಕೊಂಡು ಹೊರಟ. ಅರ್ಧ ಸುತ್ತಿನಲ್ಲಿ ಕಾಲ ಕೆಳಗೆ ನೋಡಿದ. ಹಿಮ ಗುಡಿಸಿದ ಕಡೆ ಗಡ್ಡೆ ಗಾಜಿನ ಹಾಗೆ ತಿಳಿಯಾಗಿತ್ತು. ಕೆರೆಯಲ್ಲಿ ಬೆಳಕಿದ್ದದ್ದು ಅಲ್ಲಿ ಮಾತ್ರ. ಮೀನೆಲ್ಲ ಅಲ್ಲಿಗೇ ಬಂದು ಸೇರಿದ್ದವು. ಮುದಿ ಗೆಂಡೆಮೀನುಗಳು ಗಡ್ಡೆಗೆ ಬಾಯಿ ಒತ್ತಿ ತೆರೆದು ಮುಚ್ಚುತ್ತಿದ್ದವು. ಅವುಗಳ ಮೇಲೆಯೇ ಜನ ನಗುತ್ತ ಜಾರುತ್ತಿದ್ದರು.

ವೀಬ್ರೆನ್ ಸೀಟಿ ಊದಿದ.

"ಯಾಕಜ್ಜ, ಗಡ್ಡೆ ಬಿರೀತಾ?" ಎಂದರು ಜನ.

"ಇಲ್ಲ. ಮುಗೀತು, ಮನೆಗೆ ಹೋಗಿ."

ಬೈಯುತ್ತ ದಡ ಹತ್ತಿದರು. ಅವನು ಏದುಸಿರು ಬಿಡುತ್ತ ಹೋಗಿ ಪಂಪು ಹಾಕಿದ. ತಳದ ಕಪ್ಪು ರಾಡಿ ಬುಸಬುಸನೆ ಎದ್ದು ಗಡ್ಡೆಯಡಿಯಲ್ಲೆಲ್ಲ ಹರಡಿತು. ಮೀನುಗಳು ಕಾಣದಾದವು.

ಗೇಸ್ಕೆ ಓಡಿ ಬಂದಳು. "ಈಗ ಹಾಕಿದ್ಯಾ? ಆ ರಾಡಿ ಇರೋ ಉಸಿರನ್ನೂ ಕುಡಿಯುತ್ತೆ ಕಣೋ."

"ಆರಿಸಿದ್ರೆ ಉಳೀತಾವಾ?"

"ಇಲ್ಲ."

"ಹಾಕಿದ್ರೆ?"

ಅವಳು ಕೈಗವಸು ಕಳಚಿ, ಮೀನು ಕಾಣದಾದ ಕಡೆ ಗಡ್ಡೆಗೆ ಅಂಗೈ ಒತ್ತಿ ಅದರ ಮೇಲೆಯೇ ಕೂತುಬಿಟ್ಟಳು.