ಖಾದರಸಾಬನ ಕೈಬಣ್ಣ

ಸಮುದ್ರವನ್ನೇ ನೋಡದೆ ಹನ್ನೆರಡು ವರ್ಷ ಸಮುದ್ರಜೀವಿಗಳ ಪಾಠ ಹೇಳಿದ ಮಹಾಶಯ ನಾನು. ಎಪ್ಪತ್ತರ ದಶಕದಲ್ಲಿ ಬೆಟಗೇರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ನಮಗೆ ಹತ್ತಿರದ ಸಮುದ್ರವೆಂದರೆ ಮಲ್ಲಸಮುದ್ರ. ಅದು ಹಳ್ಳಿ, ಬೇಸಿಗೆ ಬಂದರೆ ಅಲ್ಲಿ ಕುಡಿಯುವ ನೀರಿಗೇ ಪಾಳಿ. ಆದರೂ ಅಷ್ಟಪದಿಗೆ, ಅಂದರೆ ಆಕ್ಟೋಪಸ್ಸಿಗೆ, ಸಿಟ್ಟು ಬಂದರೆ ಮೈಬಣ್ಣ ಹೇಗೆ ಬದಲಾಗುತ್ತದೆಂದು, ಅದರ ಜೊತೆ ಜಗಳವಾಡಿ ಬಂದವನಂತೆ ವರ್ಣಿಸುತ್ತಿದ್ದೆ.

ಶಾಲೆಯ ಕಪಾಟಿನಲ್ಲಿ ನಾಲ್ಕು ಗಾಜಿನ ಭರಣಿಗಳಿದ್ದವು. ಒಂದರಲ್ಲಿ ನಕ್ಷತ್ರಮೀನು, ಒಂದರಲ್ಲಿ ಕಡಲಕುದುರೆ, ಒಂದರಲ್ಲಿ ಮರಿ ಅಷ್ಟಪದಿ, ಕೊನೆಯದರಲ್ಲಿ ಚಿಪ್ಪಿಲ್ಲದ ಕಡಲ ಬಸವನಹುಳು. ಔಷಧದ ನೀರಿನಲ್ಲಿ ನೆನೆನೆನೆದು ಎಲ್ಲವೂ ಸವೆದ ಸಾಬೂನಿನ ಚೂರಿನಂತೆ ಬಿಳಚಿದ್ದವು. ಇವನ್ನು ತೋರಿಸಿ ಬಣ್ಣದ ಪಾಠ ಮಾಡುವುದು ಬೋಳುತಲೆಯವನು ಬಾಚಣಿಗೆ ಮಾರಿದಂತೆ. ಹಾಗಾಗಿ ಗೋಡೆಗೆ ತೂಗುಹಾಕಲು ಚಿತ್ರಪಟ ಬರೆದೆ. ಅದಕ್ಕೆ ಬಣ್ಣ ತುಂಬಿದವನು ನನ್ನ ನೆರೆಮನೆಯ ಗೆಳೆಯ ಖಾದರಸಾಬ. ನೇಕಾರರ ಸೀರೆಯ ನೂಲಿಗೆ ಬಣ್ಣ ಹಾಕುವುದು ಅವನ ಕೆಲಸ. ಮೊಣಕೈವರೆಗೆ ಅವನ ನಿಜವಾದ ಚರ್ಮದ ಬಣ್ಣ ಯಾವುದೆಂದು ಅವನ ಹೆಂಡತಿಗೂ ಗೊತ್ತಿರಲಿಲ್ಲ.

ಭರಣಿಗಳನ್ನು ನೋಡಿ ಅವನು ಕೇಳಿದ್ದ, "ಮಾಸ್ತರ, ಇವು ಜೀವ ಇದ್ದಾಗೂ ಹಿಂಗ ಬೆಳ್ಳಗ ಇದ್ವೇನ್ರಿ?"

"ಇಲ್ಲಪಾ. ಸತ್ತ ಮ್ಯಾಲ ಬಣ್ಣ ಬಿಟ್ಟಾವು."

"ಹಂಗಾರ ಕಚ್ಚಾ ಬಣ್ಣ ಬಿಡ್ರಿ. ನಮ್ಮ ನೂಲು ಚಿಂದಿ ಆದ್ರೂ ಬಣ್ಣ ಬಿಡೂದಿಲ್ಲ."

ಸಂಜೆ ಅವನ ಅಂಗಳದಲ್ಲಿ ಕುಳಿತು ನಾನು ಕಡಲಪುರಾಣ ಹೇಳುವುದು, ಅವನು ಹಂಡೆಯಲ್ಲಿ ನೂಲು ಮುಳುಗಿಸುತ್ತ ಕೇಳುವುದು ರೂಢಿಯಾಯಿತು. ಕಡಲಕುದುರೆಯಲ್ಲಿ ಮರಿ ಹೊರುವವನು ಗಂಡೇ ಎಂದಾಗ, "ನಮ್ಮ ಮನಿಯಾಕಿ ಮುಂದ ಇದನ್ನ ಹೇಳಬ್ಯಾಡ್ರಿ" ಎಂದು ಕೈಮುಗಿದ. ಆ ಬಸವನಹುಳುವಿನ ಕಥೆ ಅವನಿಗೆ ಬಹಳ ಹಿಡಿಸಿತ್ತು. ಅದು ಕುಟುಕುವ ಜೀವಿಗಳನ್ನೇ ತಿನ್ನುತ್ತದೆ. ಅವುಗಳ ಕುಟುಕನ್ನು ಅರಗಿಸಿಕೊಳ್ಳದೆ ತನ್ನ ಬೆನ್ನಿನಲ್ಲೇ ಕೂಡಿಟ್ಟುಕೊಳ್ಳುತ್ತದೆ. ಮೈಮೇಲಿನ ಆ ಝಗಮಗ ಬಣ್ಣ ಬೇರೆಯವರಿಗೆ ಎಚ್ಚರಿಕೆ: ಮುಟ್ಟಬೇಡಿ, ನಾನು ವಿಷ.

ಇದನ್ನು ನಾನು ಹೇಳುತ್ತಿದ್ದಾಗಲೇ ಖಾದರಸಾಬ ಹಂಡೆಯೊಳಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದ. ಉಪ್ಪು, ಸೋಡಾದ ಹದ ನೋಡುವುದು ಹಾಗೆಯೇ. ಅವನ ತಂದೆ ಕಲಿಸಿದ್ದು. ಎಂಥ ನುರಿತ ನಾಲಿಗೆ ಎಂದು ನಾನು ತಲೆದೂಗುತ್ತಿದ್ದೆ. ದೂರದ ಹುಳುವಿನ ವಿಷ ಬಲ್ಲ ಪಂಡಿತನಿಗೆ ಎದುರಿನ ಹಂಡೆ ಕಾಣಲಿಲ್ಲ.

ಒಂದು ಬೇಸಿಗೆಯಲ್ಲಿ ಅವನಿಗೆ ಮೂತ್ರ ಕೆಂಪಗೆ ಹೋಗತೊಡಗಿತು. ಬೆವರಿಗೆ ಅಂಗಿಯೇ ಕೆಂಪಾಗುತ್ತಿದ್ದ ಮನುಷ್ಯ, ಗಾಬರಿಯಾಗಲಿಲ್ಲ. "ಬಣ್ಣದಾಂವನ ಮೈಯಾಗಿಂದ ಬಣ್ಣ ಬರದ ಮತ್ತೇನ ಬರತೈತ್ರಿ?" ಎಂದ. ನಾನೂ ನಕ್ಕೆ. ವಿಜ್ಞಾನದ ಮಾಸ್ತರ ನಕ್ಕಮೇಲೆ ಅವನು ಯಾಕೆ ಹೆದರಬೇಕು? ಒಂದು ವರ್ಷ ಆ ಕೆಂಪಿಗೆ ಇಬ್ಬರೂ ನಕ್ಕೆವು. ನೋವು ತಾಳಲಾರದೆ ಹುಬ್ಬಳ್ಳಿಗೆ ಹೋದಾಗ ಡಾಕ್ಟರರು ಅವನ ಕೈಗಳನ್ನು ನೋಡಿಯೇ ಏನು ಉದ್ಯೋಗ ಎಂದು ಕೇಳಿದರು. ಅದು ರಕ್ತ, ಬಣ್ಣದ ವಿಷಕ್ಕೆ ಮೂತ್ರಕೋಶದಲ್ಲಿ ಗಡ್ಡೆ ಬಲಿತಿದೆ, ಒಂದು ವರ್ಷ ಮೊದಲೇ ಬರಬೇಕಿತ್ತು ಎಂದರು. ಆ ಒಂದು ವರ್ಷ ನನ್ನದು. ಅದನ್ನು ಇವತ್ತಿಗೂ ಯಾರ ಮೇಲೂ ಹಾಕಲಾರೆ.

ಮಳೆಗಾಲ ಮುಗಿಯುವುದರೊಳಗೆ ಅವನು ತೀರಿಕೊಂಡ. ಮೈ ತೊಳೆಯುವಾಗ ನಾನು ಬಾಗಿಲ ಹೊರಗೆ ನಿಂತಿದ್ದೆ. ಅವನ ಅಣ್ಣ ಒದ್ದೆ ತೋಳಿನಲ್ಲೇ ಹೊರಬಂದು ಹೇಳಿದ, "ಎಷ್ಟ ತಿಕ್ಕಿದ್ರೂ ಕೈ ಮ್ಯಾಲಿನ ಬಣ್ಣ ಹೋಗವಲ್ದು, ಮಾಸ್ತರ. ಹಂಗ ಕಳಸ್ತೀವಿ." ಕಡಲ ಜೀವಿಗಳದು ಕಚ್ಚಾ ಬಣ್ಣ ಎಂದು ಅವನು ಹೇಳಿದ್ದು ಖರೆಯೇ ಆಗಿತ್ತು.

ಮರುವರ್ಷ ಅದೇ ಪಾಠ ಬಂತು. ಗೋಡೆಯ ಮೇಲೆ ಖಾದರಸಾಬನ ಬಸವನಹುಳು ಇನ್ನೂ ಹೊಳೆಯುತ್ತಿತ್ತು. ಪುಸ್ತಕ ತೆರೆಯುವ ಮೊದಲು, ಮನೆಯಲ್ಲಿ ಬಣ್ಣದ ಕೆಲಸ ಇರುವವರು ಕೈ ಎತ್ತಿ ಎಂದೆ. ಅರ್ಧ ತರಗತಿ ಎತ್ತಿತು. ಕೆಲವು ಕೈಗಳು ಆಗಲೇ ಮಣಿಕಟ್ಟಿನವರೆಗೆ ಹಸಿರಾಗಿದ್ದವು. ಬಣ್ಣದ ನೀರನ್ನು ನಾಲಿಗೆಗೆ ಹಚ್ಚಬಾರದು, ಮೂತ್ರ ಕೆಂಪಾದರೆ ಅದು ಬಣ್ಣವಲ್ಲ ಎಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ. ಹುಡುಗರು ಕಿಸಕ್ಕನೆ ನಕ್ಕರು. ಈ ಸಲ ನಾನು ನಗಲಿಲ್ಲ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಇದು ಪರೀಕ್ಷಾದಾಗ ಬರತೈತೇನ್ರಿ?"

"ಬರತೈತಿ, ಬರಕೋರಿ" ಎಂದೆ.